ಮರುದಿನದ ಹಬ್ಬ

ಅಕ್ಟೋಬರ್ 6

ಮಗಳೇ,

ಕಾಗದದ ಮೊದಲ ಸಾಲಿನಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯಬೇಕಂತೆ. ಬರೆದಾಯಿತು. ಇನ್ನು ನಿಜ ಬರೆಯುತ್ತೇನೆ.

ಪಂಪ್ ಹೌಸಿನಿಂದ ನಿವೃತ್ತನಾಗಿ ವಾರ ಕಳೆಯಿತು. ಕೊನೆಯ ದಿನ ಒಂದು ಭಾಷಣ ಮಾಡಿ, ಒಂದು ಗೋಡೆ ಗಡಿಯಾರ ಕೊಟ್ಟರು. ಮೂವತ್ತೆರಡು ವರ್ಷ ಮೋಟಾರಿನ ಪಕ್ಕದಲ್ಲೇ ನಿಂತು ಕಿವಿ ಕಳೆದುಕೊಂಡವನಿಗೆ ಭಾಷಣವಾದರೇನು, ಬೈಗುಳವಾದರೇನು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ಜೋರಾಗಿ ತಟ್ಟಿದೆ. ಹೊಗಳುತ್ತಿದ್ದದ್ದು ನನ್ನನ್ನೇ ಎಂದು ಆಮೇಲೆ ನಿಮ್ಮಮ್ಮ ಸ್ಲೇಟಿನ ಮೇಲೆ ಬರೆದು ತಿಳಿಸಿದಳು.

ವಿಷಯಕ್ಕೆ ಬರುತ್ತೇನೆ. ಡಿಸೆಂಬರ್ ಹತ್ತೊಂಬತ್ತು ಗುರುವಾರ ದೊಡ್ಡ ಹಬ್ಬ. ಹಬ್ಬದ ದಿನ ಊರಿನವರೆಲ್ಲ ಒಟ್ಟಿಗೇ ಎದ್ದು ಸ್ನಾನ ಮಾಡುತ್ತಾರೆ, ಒಟ್ಟಿಗೇ ಪಾತ್ರೆ ತೊಳೆಯುತ್ತಾರೆ. ಅಂಥ ದಿನ ಪಂಪನ್ನು ಕಿರಿಯರ ಕೈಗೆ ಕೊಡುವ ಹಾಗಿಲ್ಲ ಎಂದು ಪ್ರತಿ ವರ್ಷ ನನ್ನನ್ನೇ ಕೂರಿಸುತ್ತಿದ್ದರು. ಅದಕ್ಕೇ ನಮ್ಮ ಮನೆಯ ಹಬ್ಬ ಯಾವಾಗಲೂ ಮರುದಿನ. ಈ ಸಲ ನನ್ನನ್ನು ಕೂರಿಸುವವರಿಲ್ಲ. ಹಬ್ಬವನ್ನು ಹಬ್ಬದ ದಿನವೇ ಮಾಡೋಣ ಎಂದು ನಿಮ್ಮಮ್ಮನಿಗೆ ಹೇಳಿದೆ. ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ. ಅವಳು ಹೌಹಾರಿದಳು.

"ಆ ದಿನ ನಾನು ಅಕ್ಕನ ಮನೇಲಿ ಇರ್ಬೇಕಲ್ಲ!"

ನೀನು ಕೆಲಸಕ್ಕೆಂದು ಊರು ಬಿಟ್ಟ ಮೇಲೆ ಹಬ್ಬದ ದಿನ ಒಬ್ಬಳೇ ಏನು ಮಾಡುವುದು ಎಂದು ಅವಳು ನಿನ್ನ ದೊಡ್ಡಮ್ಮನ ಮನೆಗೆ ಹೋಗಲು ಶುರುಮಾಡಿದ್ದು ನನಗೂ ಗೊತ್ತಿತ್ತು. ಆದರೆ ಅಲ್ಲಿ ಅಕ್ಕ ತಂಗಿ ದಿನವಿಡೀ ಇಸ್ಪೀಟು ಆಡಿ ನಗುತ್ತಾರಂತೆ. ನಿಮ್ಮಮ್ಮ ಇಸ್ಪೀಟು ಆಡುತ್ತಾಳೆ ಎಂಬುದೇ ನನಗೆ ಹೊಸ ಸುದ್ದಿ. "ನಿವೃತ್ತಿ ಆಗಿರೋದು ನಿಮಗೆ, ನನಗಲ್ಲ. ಮಗಳು ಬಂದ್ರೆ ಇರ್ತೀನಿ. ಇಡೀ ದಿನ ನಿಮ್ಮ ಮುಖ ನೋಡ್ಕೊಂಡು ಸ್ಲೇಟಿನ ಮೇಲೆ ಹಬ್ಬ ಮಾಡೋಕೆ ನನ್ನ ಕೈಲಾಗಲ್ಲ" ಎಂದು ಬರೆದು ಸೀಮೆಸುಣ್ಣ ಎಸೆದಳು.

ಆದ್ದರಿಂದ ಎಲ್ಲವೂ ನಿನ್ನ ಮೇಲೆ ನಿಂತಿದೆ. ಮರುದಿನವಲ್ಲ, ಗುರುವಾರವೇ ಬರಬೇಕು. ಎದುರು ಮನೆಗೆ ಫೋನ್ ಮಾಡಿ ಹೇಳೋಣ ಎಂದುಕೊಳ್ಳಬೇಡ. ಹೋದ ಸಲ ನಾನು ಅಲ್ಲಿ ಮಾತಾಡುತ್ತಿದ್ದಾಗ ಆ ಮನುಷ್ಯ, "ಇಷ್ಟು ಕೂಗೋದಾದ್ರೆ ಫೋನ್ ಯಾಕೆ ಬೇಕು, ಹಾಗೇ ಕೇಳ್ಸುತ್ತೆ" ಎಂದನಂತೆ. ಆ ಮೆಟ್ಟಿಲು ನಾನು ಇನ್ನು ಹತ್ತುವವನಲ್ಲ, ನಿಮ್ಮಮ್ಮನನ್ನೂ ಹತ್ತಲು ಬಿಡುವವನಲ್ಲ. ಕಾಗದ ಬರೆ.

ಕೆಲಸವಿಲ್ಲದೆ ಕೂತಿರುವ,
ಅಪ್ಪ


ಅಕ್ಟೋಬರ್ 16

ಅಪ್ಪಾ,

ನಿಮ್ಮ ಕಾಗದ ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗುರುವಾರ ಬರಲು ಆಗುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಆಸೆ ತೋರಿಸಿದಳು ಎನ್ನಬೇಡಿ.

ನನ್ನ ಕೆಲಸ ಏನೆಂದು ನಿಮಗೆ ಗೊತ್ತು. ಬಸ್ ಡಿಪೋದಲ್ಲಿ ಯಾವ ಡ್ರೈವರ್ ಯಾವ ದಿನ ಯಾವ ಬಸ್ಸಿಗೆ ಎಂದು ಡ್ಯೂಟಿ ಹಾಕುವವಳು ನಾನು. ನನ್ನ ಮುಂದೆ ಒಂದು ಕಿಟಕಿ. ಅದರಲ್ಲಿ ಕೈ ತೂರುವಷ್ಟು ಒಂದು ಕಂಡಿ. ಚಳಿಗಾಲ ಶುರುವಾಗುತ್ತಿದ್ದಂತೆ ಆ ಕಂಡಿಯಿಂದ ರಜೆಯ ಕಾರಣಗಳು ಒಳಗೆ ಬರುತ್ತವೆ. ಒಬ್ಬ ಕಂಡಕ್ಟರನ ಅಜ್ಜಿ ನಾನು ಈ ಕುರ್ಚಿಗೆ ಬಂದ ಮೇಲೆ ಮೂರು ಸಲ ತೀರಿಕೊಂಡಿದ್ದಾರೆ. ಇನ್ನೊಬ್ಬನ ಮಾವ ಪ್ರತಿ ಡಿಸೆಂಬರಿನಲ್ಲೂ ಏಣಿಯಿಂದ ಬೀಳುತ್ತಾರೆ. ಹಬ್ಬ ಬಂದರೆ ಎಲ್ಲರಿಗೂ ಊರಿಗೆ ಹೋಗುವ ಬಸ್ಸು ಬೇಕು, ಆದರೆ ಬಸ್ಸು ಓಡಿಸುವವರೂ ಊರಿಗೆ ಹೋಗಬೇಕು. ಈ ಎರಡರ ನಡುವೆ ಸಿಕ್ಕಿಬಿದ್ದವಳು ನಾನು. ಯಾರಿಗೆ ರಜೆ ಕೊಟ್ಟರೂ ಇನ್ನೊಬ್ಬನ ಕಣ್ಣಿಗೆ ನಾನು ರಾಕ್ಷಸಿ.

ಅದಕ್ಕೇ ಒಂದು ನಿಯಮ ಮಾಡಿದೆ. ಹೋದ ವರ್ಷ ದೊಡ್ಡ ಹಬ್ಬಕ್ಕೆ ರಜೆ ಸಿಕ್ಕವರಿಗೆ ಈ ವರ್ಷ ಇಲ್ಲ. ಕಿಟಕಿಯಲ್ಲಿ ಕೂರುವವರು ಇಬ್ಬರು, ನಾನು ಮತ್ತು ನನ್ನ ಜೊತೆಗಾತಿ. ನಮಗೂ ಅದೇ ನಿಯಮ. ಹೋದ ವರ್ಷ ರಜೆ ನನ್ನದಿತ್ತು.

ಹೌದಪ್ಪಾ, ಹೋದ ವರ್ಷ ನನಗೆ ಹಬ್ಬದ ದಿನ ರಜೆ ಇತ್ತು. ಮನೆಗೆ ಬರಲಿಲ್ಲ, ಏಕೆಂದರೆ ಆ ದಿನ ನಮ್ಮ ಮನೆಯಲ್ಲಿ ಹಬ್ಬ ಇರುವುದಿಲ್ಲ. ಜೊತೆ ಕೆಲಸ ಮಾಡುವವರ ಮನೆಗೆ ಹೋಗಿ, ಎಲ್ಲರೂ ಉಣ್ಣುವ ದಿನ ಎಲ್ಲರ ಜೊತೆ ಕೂತು ಹಬ್ಬದ ಊಟ ಮಾಡಿದೆ. ಜೀವನದಲ್ಲಿ ಮೊದಲ ಸಲ. ಯಾರದ್ದೋ ಮನೆಯಲ್ಲಿ.

ಚಿಕ್ಕವಳಿದ್ದಾಗ ನೀವು ಬರುವ ತನಕ ಅಮ್ಮ ಒಲೆ ಹಚ್ಚುತ್ತಿರಲಿಲ್ಲ. ಬೀದಿಯ ಮಕ್ಕಳೆಲ್ಲ ಹೊಸ ಬಟ್ಟೆ ಹಾಕಿ ಕುಣಿಯುವಾಗ ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ನಾನು ಹೊಸ ಫ್ರಾಕ್ ಹಾಕಿಕೊಂಡು ಹೋಗುತ್ತಿದ್ದದ್ದು ಮರುದಿನ ಶಾಲೆಗೆ. "ಏನಮ್ಮಾ, ಇವತ್ತು ನಿನ್ನ ಹುಟ್ಟಿದ ದಿನಾನಾ?" ಎಂದು ಟೀಚರ್ ಕೇಳುತ್ತಿದ್ದರು. ಹೌದು ಎನ್ನುತ್ತಿದ್ದೆ. ಎಲ್ಲರೂ ಹಾಡುತ್ತಿದ್ದರು. ಹೀಗೆ ವರ್ಷಕ್ಕೆ ಎರಡು ಸಲ ಹುಟ್ಟಿದವಳು ನಾನು.

ಈಗ ನಿಮಗೆ ಬಿಡುವಾಗಿದೆ, ಈಗ ಹಬ್ಬ ಅದೇ ದಿನ ಆಗಬೇಕು. ನನಗೆ ಸಿಟ್ಟು ಬಂದಿದೆ. ಬಂದಿಲ್ಲ ಎಂದು ಸುಳ್ಳು ಹೇಳುವುದಿಲ್ಲ.

ಡ್ಯೂಟಿಯಲ್ಲಿರುವ,
ಮಗಳು


ಅಕ್ಟೋಬರ್ 27

ಮಗಳೇ,

ಹುಟ್ಟಿದ ದಿನದ ವಿಷಯ ನನಗೆ ಗೊತ್ತಿರಲಿಲ್ಲ. ನಿಮ್ಮಮ್ಮನಿಗೆ ಗೊತ್ತಿತ್ತಂತೆ. ಈ ಮನೆಯಲ್ಲಿ ನನಗೆ ಕೇಳಿಸದಿದ್ದದ್ದು ಕಿವಿ ಹೋದ ಮೇಲೆ ಶುರುವಾದದ್ದಲ್ಲ ಎಂದು ಕಾಣುತ್ತದೆ.

ಆದರೂ ಒಂದು ಮಾತು ಕೇಳುತ್ತೇನೆ. ಬಡಿಸುವವರು ನಮ್ಮವರಾದರೆ ಕೊನೆಯ ಪಂಕ್ತಿಯಲ್ಲಿ ಕೂತರೂ ಚಿಂತೆಯಿಲ್ಲ ಎನ್ನುತ್ತಾರೆ. ನನ್ನ ಮಗಳೇ ಊರಿಗೆಲ್ಲ ರಜೆ ಬಡಿಸುವವಳು, ನನ್ನ ಎಲೆ ಮಾತ್ರ ಖಾಲಿ. ಇದು ಯಾವ ನ್ಯಾಯ? ನಿಯಮ ಮಾಡಿದವಳು ನೀನೇ ಆದರೆ ಅದನ್ನು ಮುರಿಯಲು ಬೇರೆ ಯಾರನ್ನು ಕೇಳಬೇಕು?

ಇಲ್ಲಿ ನನ್ನ ಸ್ಥಿತಿ ಕೇಳು. ಹಲ್ಲಿದ್ದಾಗ ಕಡಲೆ ಇರಲಿಲ್ಲ, ಈಗ ಕಡಲೆ ಇದೆ, ಹಲ್ಲಿಲ್ಲ. ಹಬ್ಬಕ್ಕೆ ಕರೆಯುವವರು ಒಬ್ಬರೂ ಇಲ್ಲ. ವರ್ಷಗಟ್ಟಲೆ "ಆ ದಿನ ಡ್ಯೂಟಿ" ಎಂದು ಹೇಳಿ ಹೇಳಿ ಜನ ಕರೆಯುವುದನ್ನೇ ಬಿಟ್ಟಿದ್ದಾರೆ. ತಪ್ಪು ಅವರದ್ದಲ್ಲ.

ಬೇಸರವಾಗಿ ಪಂಪ್ ಹೌಸಿಗೆ ಹೋಗಿದ್ದೆ. ನನ್ನ ಜಾಗಕ್ಕೆ ಬಂದಿರುವ ಹೊಸಬ ಎದ್ದು ನಿಂತು ಕುರ್ಚಿ ಕೊಟ್ಟ. ಕುರ್ಚಿ ಕೊಟ್ಟರೆಂದರೆ ನೆಂಟನಾದೆ ಎಂದೇ ಅರ್ಥ. ಕೂತರೆ ಕೈಗೆ ಕೆಲಸವಿಲ್ಲ. ಚಪ್ಪಲಿ ಬಿಟ್ಟು ನೆಲದ ಮೇಲೆ ಬರಿಗಾಲಿಟ್ಟೆ. ಕಿವಿಗೆ ಕೇಳದಿದ್ದರೂ ಪಂಪಿನ ನಡುಕ ಅಂಗಾಲಿಗೆ ತಿಳಿಯುತ್ತದೆ. ಚೆನ್ನಾಗಿಯೇ ನಡೆಯುತ್ತಿತ್ತು. ಅದಕ್ಕೂ ಸ್ವಲ್ಪ ಬೇಸರವಾಯಿತು.

ನಿನಗೆ ಒಂದು ವಿಷಯ ಹೇಳಿಲ್ಲ. ಆ ಸದ್ದಿನಲ್ಲಿ ಯಾರಿಗೂ ಮಾತು ಕೇಳುವುದಿಲ್ಲವಾದ್ದರಿಂದ ನಮ್ಮಲ್ಲಿ ಪಾಳಿ ಬಿಡಿಸುವುದು ಸನ್ನೆಯಲ್ಲಿ. ಬಂದವನು ಅಂಗೈಯನ್ನು ತನ್ನ ಎದೆ ಮೇಲಿಟ್ಟು, ಆಮೇಲೆ ಬಾಗಿಲ ಕಡೆ ತೋರಿಸುತ್ತಾನೆ. ನಾನಿದ್ದೀನಿ, ನೀನು ಹೋಗು ಎಂದು. ಆ ಸನ್ನೆ ಮಾಡದೆ ಒಬ್ಬ ಇನ್ನೊಬ್ಬನ ಜಾಗದಲ್ಲಿ ನಿಲ್ಲುವ ಹಾಗಿಲ್ಲ. ನನ್ನ ಕೊನೆಯ ದಿನ ಭಾಷಣದ ಗಡಿಬಿಡಿಯಲ್ಲಿ ಅದನ್ನು ಯಾರೂ ಮಾಡಲಿಲ್ಲ. ಗಡಿಯಾರ ಹಿಡಿದು ಮನೆಗೆ ಬಂದೆ. ಇನ್ನೂ ಯಾವುದೋ ಪಾಳಿಯಲ್ಲೇ ಇದ್ದೇನೆ ಎಂದು ಬೆಳಿಗ್ಗೆ ಎದ್ದಾಗಲೆಲ್ಲ ಅನ್ನಿಸುತ್ತದೆ.

ಇರಲಿ. ನೀನು ಕೇಳದಿದ್ದರೆ ನಿನ್ನ ಮ್ಯಾನೇಜರಿಗೆ ನಾನೇ ಬರೆಯುತ್ತೇನೆ.

ಹಟ ಬಿಡದ,
ಅಪ್ಪ


ನವೆಂಬರ್ 4

ಅಪ್ಪಾ,

ಬರೆಯಬೇಡಿ. ದಯವಿಟ್ಟು. ನಾನು ಶಾಲೆಯಲ್ಲಿಲ್ಲ.

ಮಗಳು


ನವೆಂಬರ್ 21

ಅಪ್ಪಾ,

ಬರೆದೇಬಿಟ್ಟಿರಿ.

ನನ್ನ ಕಾಗದ ತಲುಪುವ ಮೊದಲೇ ಹಾಕಿದ್ದೆ ಎಂದು ನೀವು ಹೇಳಬಹುದು. ತಲುಪಿದ ಮೇಲೂ ಹಾಕುತ್ತಿದ್ದಿರಿ, ನಿಮ್ಮನ್ನು ನಾನು ಬಲ್ಲೆ. ನಿಮಗೆ ಹೇಳುವುದೂ ಒಂದೇ, ಕಿವುಡನ ಮುಂದೆ ಶಂಖ ಊದುವುದೂ ಒಂದೇ ಎಂದು ಬರೆಯಬೇಕೆನ್ನಿಸುತ್ತಿದೆ. ಬರೆದಿದ್ದೇನೆ, ಹೊಡೆದು ಹಾಕುವುದಿಲ್ಲ.

ಏನಾಯಿತು ಗೊತ್ತೇ? ಮ್ಯಾನೇಜರ್ ನಿಮ್ಮ ಕಾಗದವನ್ನು ಕ್ಯಾಂಟೀನಿಗೆ ತಂದು, ಟೀ ಕುಡಿಯುತ್ತಿದ್ದ ಡ್ರೈವರ್ ಕಂಡಕ್ಟರುಗಳ ಮುಂದೆ ಎದ್ದು ನಿಂತು ಓದಿದರು. ನಾನು ಮೂಲೆಯ ಮೇಜಿನಲ್ಲಿದ್ದೆ. ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ನೀವು ಬರೆದದ್ದು ನಿಮಗೆ ನೆನಪಿರಲಿಕ್ಕಿಲ್ಲ. ನನಗೆ ಅಕ್ಷರ ಅಕ್ಷರ ನೆನಪಿದೆ.

"ಸ್ವಾಮಿ, ನಿಮ್ಮಲ್ಲಿ ಡ್ಯೂಟಿ ಹಾಕುವವಳು ನನ್ನ ಮಗಳು. ಅವಳಿಗೆ ಹಬ್ಬದ ದಿನ ರಜೆ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ನನಗೆ ಯಾವ ಕಾಯಿಲೆಯೂ ಇಲ್ಲ. ನಮ್ಮ ಮನೆಯಲ್ಲಿ ಯಾರೂ ಸತ್ತಿಲ್ಲ, ಸಾಯುವ ಹಾಗೂ ಕಾಣುತ್ತಿಲ್ಲ. ಅವಳ ಜೊತೆ ಹಬ್ಬದ ದಿನ ಒಂದು ಸಲ ಊಟಕ್ಕೆ ಕೂರಬೇಕು ಎನ್ನಿಸಿದೆ. ಬೇರೆ ಕಾರಣವಿಲ್ಲ."

ಎಲ್ಲರೂ ನಕ್ಕರು. ನಗು ನಿಂತ ಮೇಲೆ ಒಬ್ಬೊಬ್ಬರೇ ತಿರುಗಿ ನನ್ನನ್ನು ನೋಡಿದ್ದು ಇನ್ನೂ ಕಷ್ಟವಾಯಿತು. ಅಷ್ಟು ವರ್ಷದಿಂದ ಕಿಟಕಿಯ ಹಿಂದೆ ಕಲ್ಲಿನ ಹಾಗೆ ಕೂತು ಸಂಪಾದಿಸಿದ ಮರ್ಯಾದೆ ಒಂದು ಟೀ ಆರುವಷ್ಟರಲ್ಲಿ ಹೋಯಿತು. ಈಗ ಕಂಡಿಯಲ್ಲಿ ಕೈ ತೂರಿದವರೆಲ್ಲ, "ಅಪ್ಪ ಹೇಗಿದ್ದಾರೆ ಮೇಡಂ?" ಎನ್ನುತ್ತಾರೆ. ಗಂಟಲಲ್ಲಿ ನಗು.

ಸದ್ಯಕ್ಕೆ ನನಗೆ ಬರೆಯಬೇಡಿ. ನಾನೇ ಬರೆಯುತ್ತೇನೆ.

ಮಗಳು


ಡಿಸೆಂಬರ್ 2

ಪುಟ್ಟೀ,

ನಿಮ್ಮಪ್ಪ ಬರೆಯುವುದಿಲ್ಲವಂತೆ, ನೀನು ಬೇಡ ಎಂದಿದ್ದೀಯಂತೆ. ಅದಕ್ಕೆ ನಾನು ಬರೆಯುತ್ತಿದ್ದೇನೆ. ನನಗೆ ನಿಮ್ಮಿಬ್ಬರ ಹಾಗೆ ಪುಟಗಟ್ಟಲೆ ಬರೆಯಲು ಪುರುಸೊತ್ತಿಲ್ಲ. ಇಬ್ಬರೂ ಒಂದೇ ಎರಕ. ಒಬ್ಬರಿಗೆ ಕಿವಿ ಕೇಳುವುದಿಲ್ಲ, ಇನ್ನೊಬ್ಬಳು ಕೇಳಿಸಿಕೊಳ್ಳುವುದಿಲ್ಲ.

ನಿನ್ನ ಕಾಗದ ಬಂದಾಗಿನಿಂದ ಮನುಷ್ಯ ಮಾತಿಲ್ಲದೆ ಮನೆಯ ನಲ್ಲಿಗಳನ್ನೆಲ್ಲ ಬಿಚ್ಚಿ ಜೋಡಿಸುತ್ತಿದ್ದಾರೆ. ಮೊದಲು ಒಂದು ನಲ್ಲಿ ಸೋರುತ್ತಿತ್ತು, ಈಗ ಮೂರು. ಆ ಹಾಳು ಗಡಿಯಾರವನ್ನು ಅಡುಗೆಮನೆಯಲ್ಲಿ ತೂಗುಹಾಕಿದ್ದಾರೆ. ನಾನು ಪಾತ್ರೆ ಇಟ್ಟ ಹೊತ್ತು, ಇಳಿಸಿದ ಹೊತ್ತು ಎಲ್ಲ ನೋಡುತ್ತಾರೆ. ನನಗೆ ತಲೆ ಕೆಟ್ಟುಹೋಗಿದೆ.

ನಾನು ಕೇಳುವುದು ಇಷ್ಟೇ. ಬರುತ್ತೀಯೋ ಇಲ್ಲವೋ, ಎರಡರಲ್ಲಿ ಒಂದು ಹೇಳು. ಬಂದರೆ ಇರುತ್ತೇನೆ. ಹದಿನೇಳನೇ ತಾರೀಖಿನೊಳಗೆ ನಿನ್ನ ಕಾಗದ ಕೈಗೆ ಬರದಿದ್ದರೆ ಅಕ್ಕನ ಮನೆಗೆ ಹೊರಡುತ್ತೇನೆ. ನನಗೂ ವರ್ಷಕ್ಕೆ ಒಂದು ದಿನ ನಗಬೇಕು.

ನಿನ್ನ ಅಮ್ಮ


ಡಿಸೆಂಬರ್ 13, ಶುಕ್ರವಾರ

ಅಪ್ಪಾ, ಅಮ್ಮಾ,

ಬರುತ್ತೇನೆ. ಹತ್ತೊಂಬತ್ತಕ್ಕೆ, ಗುರುವಾರ ಬೆಳಿಗ್ಗೆ. ಸಂಜೆ ಬಸ್ಸಿಗೇ ಹಿಂತಿರುಗಬೇಕು, ಆದರೆ ಬರುತ್ತೇನೆ.

ನಮ್ಮ ಡಿಪೋದಲ್ಲಿ "ಹಾರನ್" ಎಂದು ಎಲ್ಲರೂ ಕರೆಯುವ ಹಿರಿಯ ಡ್ರೈವರ್ ಒಬ್ಬರಿದ್ದಾರೆ. ಅವರು ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ, ಅದಕ್ಕೆ ಆ ಹೆಸರು. ಕಣ್ಣಿನ ಆಪರೇಷನ್ ಆದ್ದರಿಂದ ಈಗ ಬಸ್ಸು ಓಡಿಸುವಂತಿಲ್ಲ, ಕಚೇರಿಯಲ್ಲಿ ಸಣ್ಣಪುಟ್ಟ ಕೆಲಸ. ನಿನ್ನೆ ಕಂಡಿಯ ಹತ್ತಿರ ಮುಖ ತಂದರು.

"ಹಬ್ಬದ ದಿನ ನಿಮ್ಮ ಕುರ್ಚೀಲಿ ನಾನು ಕೂರ್ತೀನಿ. ನೀವು ಹೊರಡಿ."

"ನಿಯಮ ಇದೆ. ನನಗೆ ಹೋದ ವರ್ಷ ಸಿಕ್ಕಿದೆ" ಎಂದೆ.

"ನಿಯಮ ನನಗೂ ಗೊತ್ತು. ಮೇಡಂ, ನಾನು ಈ ಡಿಪೋಗೆ ಬಂದಾಗಿಂದ ಸಾವಿರ ರಜಾ ಅರ್ಜಿ ನೋಡಿದೀನಿ, ಅರ್ಧ ನಾನೇ ಬರೆದಿದ್ದು. ಸುಳ್ಳಿಲ್ಲದ ಅರ್ಜಿ ಅಂತ ಬಂದಿದ್ದು ನಿಮ್ಮಪ್ಪಂದು ಒಂದೇ. ಅದನ್ನೂ ತಳ್ಳಿಹಾಕಿದ್ರೆ ಇನ್ನು ಮೇಲೆ ನಾವು ಅಜ್ಜಿಯರನ್ನ ಸಾಯಿಸದೆ ಬೇರೆ ದಾರಿ ಏನಿದೆ?"

"ನಿಮ್ಮ ಮನೇಲಿ ಹಬ್ಬ ಇಲ್ವಾ?"

"ನಮ್ಮನೇಲಿ ಹಬ್ಬ ಅಂದ್ರೆ ಜಗಳ ಮೇಡಂ. ಇಲ್ಲಿ ಕೂತ್ರೆ ನನಗೇ ಹಬ್ಬ."

ನನಗೆ ಒಪ್ಪಿಗೆಯಾಗಲಿಲ್ಲ. ಮೂರು ದಿನ ತಲೆ ಕೆಡಿಸಿಕೊಂಡೆ ಎಂದು ಬರೆದರೆ ಸುಳ್ಳಾಗುತ್ತದೆ, ಒಂದೇ ರಾತ್ರಿ. ಬೆಳಿಗ್ಗೆ ಒಂದು ಹಾಳೆಯಲ್ಲಿ, ಈ ವರ್ಷ ನಾನು ನಿಯಮ ಮುರಿಯುತ್ತಿರುವುದರಿಂದ ಮುಂದಿನ ಎರಡು ವರ್ಷ ದೊಡ್ಡ ಹಬ್ಬದ ದಿನ ನನಗೆ ರಜೆ ಇಲ್ಲ ಎಂದು ಬರೆದು ಕಿಟಕಿಗೆ ಅಂಟಿಸಿದೆ. ಯಾರೂ ಗೊಣಗಲಿಲ್ಲ. ಅಜ್ಜಿಯನ್ನು ಮೂರು ಸಲ ಕಳೆದುಕೊಂಡ ಕಂಡಕ್ಟರ್ ಮಾತ್ರ, "ಎರಡು ವರ್ಷ ಜಾಸ್ತಿಯಾಯ್ತು ಮೇಡಂ" ಎಂದ.

ಅಪ್ಪಾ, ಸಿಟ್ಟು ಪೂರ್ತಿ ಇಳಿದಿಲ್ಲ. ಅದನ್ನೂ ಜೊತೆಗೆ ತರುತ್ತೇನೆ. ಬಂದು ಮುಖಾಮುಖಿ ಹೇಳಬೇಕಾದದ್ದು ಬಹಳ ಇದೆ, ಸ್ಲೇಟು ತೊಳೆದಿಡಿ. ಅಮ್ಮಾ, ಈ ಸಲ ಅಲ್ಲಿಗೆ ಹೋಗಬೇಡ. ದೊಡ್ಡಮ್ಮನಿಗೆ ನಾನು ಆಮೇಲೆ ಸಮಾಧಾನ ಹೇಳುತ್ತೇನೆ.

ಇದನ್ನು ಈಗಲೇ ಡಬ್ಬಿಗೆ ಹಾಕುತ್ತೇನೆ, ಸೋಮವಾರ ನಿಮ್ಮ ಕೈಯಲ್ಲಿರುತ್ತದೆ. ಚಿಕ್ಕವಳಿದ್ದಾಗ ಪ್ರತಿ ವರ್ಷ ಕೇಳುತ್ತಿದ್ದದ್ದನ್ನೇ ಕೇಳುತ್ತಿದ್ದೇನೆ ಅಪ್ಪಾ. ಹಬ್ಬದ ದಿನ ನೀವು ಮನೆಯಲ್ಲಿ ಇರುತ್ತೀರಿ ತಾನೇ?

ನಿಮ್ಮ ಮಗಳು


ಡಿಸೆಂಬರ್ 16, ಸೋಮವಾರ

ಮಗಳೇ,

ಬರೆಯಬೇಡಿ ಎಂದು ನೀನು ಹೇಳಿದ್ದೆ, ಆದರೂ ಬರೆಯುತ್ತಿದ್ದೇನೆ. ಇದು ಕೊನೆಯದು, ಹೆದರಬೇಡ. ಇನ್ನು ಒತ್ತಾಯವಿಲ್ಲ.

ನಿನ್ನಿಂದ ಸುದ್ದಿಯಿಲ್ಲ. ಶನಿವಾರ ಅಂಚೆಯವನು ಬರಲಿಲ್ಲ, ಎರಡನೇ ಶನಿವಾರವಂತೆ. ನಿನ್ನೆ ಭಾನುವಾರ. ಇವತ್ತು ಸರ್ಕಾರಿ ರಜೆಯಂತೆ, ಯಾಕೆಂದು ಯಾರಿಗೂ ಗೊತ್ತಿಲ್ಲ. ಇನ್ನು ನಿನ್ನ ಕಾಗದ ಬರುವುದಿದ್ದರೆ ಎಂದೋ ಬರುತ್ತಿತ್ತು. ನಿಮ್ಮಮ್ಮನ ಚೀಲ ತಯಾರಾಗಿದೆ. ನಾಳೆ ಮಧ್ಯಾಹ್ನದವರೆಗೆ ನೋಡಿ ಹೊರಡುತ್ತಾಳೆ. ನನ್ನನ್ನೂ ಕರೆದಳು. ಇಬ್ಬರು ಹೆಂಗಸರು ನಗುವುದನ್ನು ಕೇಳಿಸದೆ ನೋಡುತ್ತಾ ಕೂರುವುದು ಬೇಡ ಎಂದೆ.

ಬೆಳಿಗ್ಗೆ ಪಂಪ್ ಹೌಸಿನ ಹೊಸಬ ಮನೆಗೆ ಬಂದಿದ್ದ. ಅವನ ಹೆಂಡತಿ ಹೆತ್ತು ತಿಂಗಳಾಗಿದೆ, ತವರಿನಲ್ಲಿದ್ದಾಳೆ. ಹೆಣ್ಣು ಮಗುವಂತೆ. ಹಬ್ಬದ ದಿನ ಇವನಿಗೇ ಡ್ಯೂಟಿ ಬಿದ್ದಿದೆ. ನನ್ನನ್ನು ಏನೂ ಕೇಳಲಿಲ್ಲ, ಸುಮ್ಮನೆ ಬಂದು ಕೂತು ಕಾಫಿ ಕುಡಿದ. ಕೇಳದೆ ಕೂತದ್ದೇ ನನಗೆ ಕೇಳಿಸಿತು. ಸೂಪರ್‌ವೈಸರನ ಹತ್ತಿರ ಹೋಗಿ, ಒಂದು ದಿನದ ಮಟ್ಟಿಗೆ ನಾನು ನೋಡಿಕೊಳ್ಳುತ್ತೇನೆ ಎಂದೆ. ಹಬ್ಬದ ದಿನ ನಾನಿದ್ದರೆ ಅವನಿಗೂ ನಿದ್ದೆ ಬರುತ್ತದಂತೆ, ಒಪ್ಪಿದ.

ಗುರುವಾರ ಬೆಳಗಿನಿಂದ ರಾತ್ರಿಯವರೆಗೆ ಅಲ್ಲೇ ಇರುತ್ತೇನೆ. ಆ ಹುಡುಗಿ ಮುಂದೆ ಶಾಲೆಗೆ ಹೋಗಿ ಎರಡೆರಡು ಸಲ ಹುಟ್ಟಿದೆ ಎಂದು ಹೇಳುವುದು ಬೇಡ.

ಮತ್ತೆ ಡ್ಯೂಟಿಗೆ ಹೊರಟ,
ಅಪ್ಪ


ಡಿಸೆಂಬರ್ 19, ಗುರುವಾರ, ಪಂಪ್ ಹೌಸಿನ ಬೆಂಚಿನ ಮೇಲೆ

ಅಮ್ಮಾ,

ನಾಳೆ ನೀನು ಬರುವ ಹೊತ್ತಿಗೆ ನಾನು ಹೋಗಿರುತ್ತೇನೆ. ಅಪ್ಪ ಕೊಟ್ಟ ಕೀಲಿಯಿಂದ ಬಾಗಿಲು ತೆರೆದು, ಈ ಕಾಗದವನ್ನು ಅಡುಗೆಮನೆಯಲ್ಲಿ, ನಿನಗೆ ತಂದ ಶಾಲಿನ ಮೇಲೆ ಇಟ್ಟಿರುತ್ತೇನೆ.

ರಾತ್ರಿಯಿಡೀ ಬಸ್ಸಿನಲ್ಲಿ ತೂಗಾಡಿ, ಎರಡು ಕೈಯಲ್ಲಿ ಎರಡು ಚೀಲ ಹಿಡಿದು ಬಂದರೆ ಬಾಗಿಲಿಗೆ ಬೀಗ. ಹಬ್ಬದ ದಿನ ಇಡೀ ಬೀದಿಯಲ್ಲಿ ಬೀಗ ಬಿದ್ದ ಮನೆ ನಮ್ಮದೊಂದೇ. ಮೆಟ್ಟಿಲ ಮೇಲೆ ಕೂತು ಬಾಯಿಗೆ ಬಂದಂತೆ ಬೈದೆ. ನಿನ್ನನ್ನು, ಅಪ್ಪನನ್ನು, ಅಂಚೆಯವನನ್ನು. ಅಂಚೆಯವನನ್ನು ಬೈಯುವಾಗ ನಾಲಿಗೆ ಕಚ್ಚಿಕೊಂಡೆ. ಶನಿವಾರ ರಜೆ, ಭಾನುವಾರ ರಜೆ, ಸೋಮವಾರ ರಜೆ. ಡಿಪೋದ ಗೋಡೆಯ ಕ್ಯಾಲೆಂಡರಿನಲ್ಲಿ ಆ ಮೂರು ದಿನಕ್ಕೂ ಕೆಂಪು ಬಳಿದವಳು ನಾನೇ ಅಮ್ಮಾ. ಬಸ್ಸಿನವರ ರಜೆ ಲೆಕ್ಕ ಹಾಕಿ ಹಾಕಿ, ಅಂಚೆಯವನಿಗೂ ರಜೆ ಇರುತ್ತದೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ದೀಪದ ಬುಡದಲ್ಲೇ ಕತ್ತಲೆ.

ಎದುರು ಮನೆಯವರು ಹೊರಗೆ ಬಂದು, "ನಿಮ್ಮಪ್ಪ ಡಬ್ಬಿ ಹಿಡ್ಕೊಂಡು ಪಂಪ್ ಹೌಸ್ ಕಡೆ ಹೋದ್ರು ಕಣಮ್ಮಾ" ಎಂದರು. ನಗುವ ಶಕ್ತಿಯೂ ಇರಲಿಲ್ಲ. ಮೂವತ್ತೆರಡು ವರ್ಷ ಆದ ಮೇಲೂ ಹಬ್ಬದ ದಿನ ಪಂಪ್ ಹೌಸು!

ಅದೇ ಸಿಟ್ಟಿನಲ್ಲಿ ನಡೆದುಕೊಂಡು ಇಲ್ಲಿಗೆ ಬಂದೆ. ಕಬ್ಬಿಣದ ಬಾಗಿಲು ತಳ್ಳಿದರೆ ಸದ್ದು ಎದೆಗೇ ಹೊಡೆಯಿತು. ಅಪ್ಪ ಬರಿಗಾಲಲ್ಲಿ, ಮುಳ್ಳು ನಡುಗುವ ಒಂದು ದೊಡ್ಡ ಗೇಜಿನ ಮುಂದೆ ಕೂತಿದ್ದರು. ನನ್ನನ್ನು ನೋಡಿ ಬಾಯಿ ಬಿಟ್ಟವರು ಹಾಗೇ ಇದ್ದರು. ಆಮೇಲೆ ನಕ್ಕು ಏನೋ ಕೂಗಿದರು. ಬಾಯಿಯ ಚಲನೆ ನೋಡಿದರೆ, "ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ" ಎಂದಂತಿತ್ತು. ಆ ನಗು ನೋಡಿ ನನ್ನ ತಾಳ್ಮೆ ತಪ್ಪಿತು.

ಎಲ್ಲ ಹೇಳಿಬಿಟ್ಟೆ ಅಮ್ಮಾ. ಕಿಟಕಿಯಲ್ಲಿ ನಿಂತದ್ದು, ಫ್ರಾಕು, ಕ್ಯಾಂಟೀನು, ಈ ಬೀಗ, ಎಲ್ಲ. ಗಂಟಲು ಹರಿಯುವಂತೆ ಕೂಗಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಅಪ್ಪ ಒಂದು ಕಣ್ಣು ಗೇಜಿನ ಮೇಲಿಟ್ಟು, ತಲೆಯಾಡಿಸುತ್ತಾ ಕೂತಿದ್ದರು, ಆಡಿಸಬಾರದ ಕಡೆಯಲ್ಲೂ. ಸುಸ್ತಾಗಿ ನಿಲ್ಲಿಸಿದೆ. ಅವರು ಅಂಗೈಯಿಂದ ನನ್ನ ಕೆನ್ನೆ ಒರೆಸಿದರು. ಅಳುತ್ತಿದ್ದೆ ಎಂದು ನನಗೆ ಆಗಲೇ ಗೊತ್ತಾದದ್ದು. ಅಂಗೈಗೆ ಗ್ರೀಸಿನ ವಾಸನೆಯಿತ್ತು.

ಅವರ ಡಬ್ಬಿ ತೆರೆದೇ ಇರಲಿಲ್ಲ. ಹಬ್ಬದ ದಿನ ನೀರು ಎಳೆಯುವ ಹೊತ್ತಿನಲ್ಲಿ ಗೇಜಿನ ಮುಂದಿಂದ ಏಳುವ ಹಾಗಿಲ್ಲ ಎಂದು ಕೈಯಲ್ಲಿ ತೋರಿಸಿದರು. ಮುಳ್ಳು ಕೆಂಪು ಗೆರೆ ದಾಟಿದರೆ ತನ್ನನ್ನು ಕರೆಯಬೇಕು, ಅಷ್ಟೇ. ಅಷ್ಟು ನನಗೂ ಬರುತ್ತದೆ. ನಾನು ಅವರ ಮುಂದೆ ನಿಂತು, ಅಂಗೈಯನ್ನು ಎದೆ ಮೇಲಿಟ್ಟೆ. ಆಮೇಲೆ ಬಾಗಿಲ ಕಡೆ ತೋರಿಸಿದೆ.

ಅಪ್ಪ ನನ್ನನ್ನೇ ನೋಡಿದರು. ತಕ್ಷಣ ಏಳಲಿಲ್ಲ. ಎದ್ದಾಗ ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಎದ್ದರು. ಬಾಗಿಲಾಚೆ ಬಿಸಿಲಿತ್ತು, ಮೆಟ್ಟಿಲ ಮೇಲೆ ಕೂತು ಡಬ್ಬಿ ಬಿಚ್ಚಿದರು. ಹಬ್ಬದ ದಿನ ಅಪ್ಪ ಊಟ ಮಾಡುವುದನ್ನು ನಾನು ಈವರೆಗೆ ನೋಡಿರಲಿಲ್ಲ. ಎರಡು ಗುಕ್ಕು ತಿಂದು ತಿರುಗಿ ನನ್ನನ್ನು ನೋಡುತ್ತಾರೆ, ಮತ್ತೆ ತಿನ್ನುತ್ತಾರೆ. ಅರ್ಧ ಉಳಿಸಿ ತಂದು ನನ್ನ ಮುಂದಿಟ್ಟರು. ಆರಿಹೋಗಿತ್ತು, ಉಪ್ಪು ಜಾಸ್ತಿ. ಪೂರ್ತಿ ತಿಂದೆ.

ತಂದಿದ್ದ ಉಣ್ಣೆಯ ಕಾಲುಚೀಲ ಕೊಟ್ಟೆ. ಹಾಕಿಕೊಳ್ಳಲಿಲ್ಲ. ಹಾಕಿದರೆ ಪಂಪು ಕೇಳಿಸುವುದಿಲ್ಲವಂತೆ.

ನೀನು ಇರಬೇಕಿತ್ತು ಅಮ್ಮಾ. ಇದನ್ನು ಓದುವಾಗ ನೀನು ಹಲ್ಲು ಕಡಿಯುತ್ತಿರುತ್ತೀಯ, ನನಗೆ ಗೊತ್ತು. ಬಸ್ಸಿನ ಹೊತ್ತಾಯಿತು.

ನಿನ್ನ ಪುಟ್ಟಿ


ಡಿಸೆಂಬರ್ 20, ಶುಕ್ರವಾರ

ಮಗಳೇ,

ನೀನು ಹದಿಮೂರನೇ ತಾರೀಖು ಬರೆದ ಕಾಗದ ಈಗ ತಾನೇ ಬಂತು. ಹಬ್ಬಕ್ಕೆ ಬರುತ್ತೀಯಂತೆ. ಬಹಳ ಸಂತೋಷ.

ನಿಮ್ಮಮ್ಮ ಬೆಳಿಗ್ಗೆ ಬಂದಳು. ಶಾಲಿನ ಮೇಲಿದ್ದ ಕಾಗದ ಓದಿದಳು. ಓದಿ ಮುಗಿಸಿ ಸ್ಲೇಟು ತೆಗೆದುಕೊಂಡವಳು ಎರಡು ಕಡೆಯೂ ತುಂಬಿಸಿ, ಒರೆಸಿ, ಮತ್ತೆ ತುಂಬಿಸಿದಳು. ಇಷ್ಟು ವರ್ಷ ಮರುದಿನದ ಹಬ್ಬಕ್ಕೆ ಒಲೆ ಮುಂದೆ ಬೆಂದವಳು ಅವಳಂತೆ, ಅದೇ ದಿನದ ಹಬ್ಬ ಅಪ್ಪ ಮಗಳು ಅವಳನ್ನು ಬಿಟ್ಟು ಮಾಡಿಕೊಂಡೆವಂತೆ. ಅವಳು ಹೇಳುವುದರಲ್ಲಿ ತಪ್ಪಿಲ್ಲ. ಇವತ್ತು ನಮ್ಮ ಮನೆಯ ಹಬ್ಬವಲ್ಲವೇ, ಅಡುಗೆಮನೆಗೆ ಕಾಲಿಡುವುದಿಲ್ಲ ಎಂದು ಶಾಲು ಹೊದ್ದು ಕೂತಿದ್ದಳು. ಕೊನೆಗೆ ಅಡುಗೆ ನಾನೇ ಮಾಡಿದೆ. ಉಪ್ಪಿನ ವಿಷಯ ನೀನು ಬರೆದದ್ದನ್ನು ಅವಳು ಬೆರಳಿಟ್ಟು ತೋರಿಸಿದಳು, ಅದಕ್ಕೆ ಇವತ್ತು ಹಾಕಲೇ ಇಲ್ಲ. ಅದಕ್ಕೂ ಬೈಸಿಕೊಂಡೆ. ಕಾಲುಚೀಲ ಹಾಕಿಕೊಂಡಿದ್ದೇನೆ. ಮನೆಯಲ್ಲಿ ಅಂಗಾಲಿಗೆ ಕೇಳಿಸಿಕೊಳ್ಳುವಂಥದ್ದೇನಿಲ್ಲ.

ನಿನ್ನೆ ಪಂಪಿನ ಪಕ್ಕ ನಿಂತು ನೀನು ಏನು ಕೂಗಿದೆಯೋ ಒಂದಕ್ಷರವೂ ಕೇಳಿಸಲಿಲ್ಲ. ಆದರೆ ನಿನ್ನ ಬಾಯಿ ನೋಡುತ್ತಿದ್ದೆ. ಬಹುತೇಕ ತಿಳಿಯಿತು. ಉಳಿದದ್ದನ್ನು ಬಿಡುವಾದಾಗ ಬರೆದು ಕಳಿಸು, ಹೊಡೆದು ಹಾಕದೆ.

ರಾತ್ರಿ ಹೊಸಬ ಊರಿಂದ ನೇರ ಪಂಪ್ ಹೌಸಿಗೆ ಬಂದು ಎದೆ ಮೇಲೆ ಕೈ ಇಟ್ಟ. ಆಗಲೇ ಬಿಡಿಸಿಯಾಗಿದೆ ಎಂದು ಹೇಳಿ ಮನೆಗೆ ಬಂದೆ. ಇವತ್ತು ಬೆಳಿಗ್ಗೆ ಬಿಸಿಲು ಕೋಣೆಗೆ ಬರುವ ತನಕ ಮಲಗಿದ್ದೆನಂತೆ. ನಿಮ್ಮಮ್ಮ ಬಂದು ಮೂಗಿನ ಹತ್ತಿರ ಕೈ ಹಿಡಿದು ನೋಡಿದಳಂತೆ.

ನಿನ್ನ ಕಾಗದದ ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದ್ದೀಯ. ಹಬ್ಬದ ದಿನ ನೀವು ಮನೆಯಲ್ಲಿ ಇರುತ್ತೀರಿ ತಾನೇ ಎಂದು. ಇರಲಿಲ್ಲ, ಮಗಳೇ. ಒಂದು ವರ್ಷವೂ ಇರಲಿಲ್ಲ.

ಮುಂದಿನ ವರ್ಷವೂ ಇರುವುದಿಲ್ಲ. ನಿನಗೆ ಎರಡು ವರ್ಷ ರಜೆ ಇಲ್ಲವಲ್ಲ, ನಾವೇ ನಿನ್ನ ಡಿಪೋಗೆ ಬರುತ್ತೇವೆ. ಆ ದಿನ ಬರುವುದಿಲ್ಲ ಎಂದು ನಿಮ್ಮಮ್ಮ ಅವಳಕ್ಕನಿಗೆ ಈಗಲೇ ಬರೆದಾಗಿದೆ, ಇಸ್ಪೀಟನ್ನು ತಾನೇ ಚೀಲಕ್ಕೆ ಹಾಕಿಕೊಂಡು ಬರುತ್ತಾಳಂತೆ. ಊಟದ ಡಬ್ಬಿ ಅವಳೇ ಕಟ್ಟುತ್ತಾಳೆ, ಹೆದರಬೇಡ. ನೀನು ಅವಳ ಜೊತೆ ಕೂತು ನಿಧಾನವಾಗಿ ಊಟ ಮಾಡು. ಅಷ್ಟು ಹೊತ್ತು ಕಿಟಕಿಯಲ್ಲಿ ನಾನು ಕೂರುತ್ತೇನೆ. ಯಾರ ಅಜ್ಜಿ ಸತ್ತರೂ ನನಗೆ ಕೇಳಿಸುವುದಿಲ್ಲ.

ಪಾಳಿ ಬಿಟ್ಟ,
ಅಪ್ಪ